ಗೆಳೆಯನ ಉಸಿರಿಗೆ ತಕ್ಕ ಸಂಗೀತ

ಹಾರ್ನ್ ಎಂದರೆ ನನಗೆ ಗೊತ್ತಿದ್ದದ್ದು ಬಸ್ಸಿನದ್ದು, ಲಾರಿಯದ್ದು. ದುಡ್ಡು ಕೊಟ್ಟು ಸಭಾಂಗಣದಲ್ಲಿ ಕೂತು ಹಾರ್ನ್ ಕೇಳುವವರಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಪದವಿ ಮುಗಿಸಿ, ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ದಿನಗಳವು. ಸಿನಿಮಾ ಹಾಡು ಹಾಕಿಕೊಂಡು ಓದಲು ಕೂತರೆ ಹಾಡು ಬಾಯಿಪಾಠವಾಗುತ್ತಿತ್ತೇ ಹೊರತು ಸಂವಿಧಾನದ ವಿಧಿಗಳಲ್ಲ. ಹಾಗಾಗಿ ಮಾತಿಲ್ಲದ ಸಂಗೀತ ಹುಡುಕತೊಡಗಿದೆ. ಒಂದು ರಾತ್ರಿ ಮೊಬೈಲಿನಲ್ಲಿ ತಾನಾಗಿಯೇ ಶುರುವಾದದ್ದು ಮೊಜಾರ್ಟ್‌ನ ಹಾರ್ನ್ ಕನ್ಚೆರ್ಟೊ. ಹೆಸರು ನೋಡಿ ರೂಮ್‌ಮೇಟ್ ಬಸ್ಸು ಬಂತೇನೋ ಎಂದು ಕಿಚಾಯಿಸಿದ. ಐದೇ ನಿಮಿಷದಲ್ಲಿ ಇಬ್ಬರೂ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆವು.

ಕನ್ಚೆರ್ಟೊ ಎಂದರೆ ಒಂದು ವಾದ್ಯ ಮುಂದೆ ನಿಂತು ಮಾತಾಡುವುದು, ಇಡೀ ವಾದ್ಯವೃಂದ ಅದಕ್ಕೆ ಹೂಂಗುಟ್ಟುವುದು, ಆಗಾಗ ಎದುರಾಡುವುದು. ಸಾಮಾನ್ಯವಾಗಿ ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ಹೆಚ್ಚಾಗಿ ಮುಂದೆ ನಿಲ್ಲುವುದು ಪಿಯಾನೊ ಅಥವಾ ಪಿಟೀಲು. ಇಲ್ಲಿ ನಿಂತಿದ್ದದ್ದು ಹಾರ್ನ್. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ, ಬೇಟೆಗಾರರ ಕೊಂಬಿನ ವಂಶದ್ದು. ಆದರೆ ದನಿಯಲ್ಲಿ ಅಬ್ಬರವಿರಲಿಲ್ಲ. ಯಾರೋ ಹಿರಿಯರು ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿರುವ ಹಾಗಿತ್ತು.

ಅದರ ಬಗ್ಗೆ ಓದುತ್ತಾ ಹೋದಾಗ ಎರಡು ವಿಷಯ ತಿಳಿದವು. ಮೊಜಾರ್ಟ್ ಬರೆದ ನಾಲ್ಕು ಹಾರ್ನ್ ಕನ್ಚೆರ್ಟೊಗಳೂ ಮುಖ್ಯವಾಗಿ ಒಬ್ಬನೇ ಗೆಳೆಯನಿಗಾಗಿ ಹುಟ್ಟಿದವು. ಎರಡನೆಯದು, ಜಗತ್ತೇ ಮಹಾಪ್ರತಿಭೆ ಎನ್ನುವ ಈ ಮನುಷ್ಯ ನಮ್ಮ ಹಾಗೆಯೇ ಕೆಲಸಕ್ಕಾಗಿ ಊರೂರು ಅಲೆದವನು.

ಮೊಜಾರ್ಟ್ ಹುಟ್ಟಿದ್ದು 1756ರ ಜನವರಿ 27ರಂದು, ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ. ಆ ಊರನ್ನು ಆಳುತ್ತಿದ್ದವರು ಚರ್ಚಿನ ಆರ್ಚ್‌ಬಿಷಪ್. ಅಪ್ಪ ಲಿಯೊಪೋಲ್ಡ್ ಅವರ ಆಸ್ಥಾನದಲ್ಲಿ ಪಿಟೀಲು ವಾದಕ. ಏಳು ಮಕ್ಕಳಲ್ಲಿ ಬದುಕುಳಿದವರು ಇಬ್ಬರೇ: ಅಕ್ಕ ನಾನರ್ಲ್ ಮತ್ತು ಈ ಹುಡುಗ. ಐದನೇ ವಯಸ್ಸಿಗೇ ರಾಗ ಕಟ್ಟುತ್ತಿದ್ದ ಮಗನನ್ನೂ ಮಗಳನ್ನೂ ಕರೆದುಕೊಂಡು ಲಿಯೊಪೋಲ್ಡ್ 1763ರಲ್ಲಿ ಯುರೋಪ್ ಪ್ರವಾಸ ಹೊರಟ. ಪ್ಯಾರಿಸ್, ಲಂಡನ್ ಎಂದು ಸುತ್ತಿ ಮನೆಗೆ ಮರಳಿದ್ದು ಮೂರೂವರೆ ವರ್ಷದ ನಂತರ. ರಾಜರಾಣಿಯರು ಮೆಚ್ಚಿ ಉಂಗುರ, ಗಡಿಯಾರ ಕೊಟ್ಟರು. ಆದರೆ ನೌಕರಿ ಯಾರೂ ಕೊಡಲಿಲ್ಲ.

ಇಂಥ ಹುಡುಗನಿಗೆ ಒಂದು ವಿಚಿತ್ರ ಭಯವಿತ್ತು. ಹತ್ತಿರತ್ತಿರ ಹತ್ತು ವರ್ಷದವರೆಗೆ ತುತ್ತೂರಿ ಕಂಡರೆ ನಡುಗುತ್ತಿದ್ದನಂತೆ. ಬೇರೆ ವಾದ್ಯಗಳ ಜೊತೆಯಿಲ್ಲದೆ ಅದೊಂದೇ ಊದಿದರೆ ಮುಖ ಬಿಳಿಚಿಕೊಳ್ಳುತ್ತಿತ್ತಂತೆ. ಮನೆಗೆ ಬಂದುಹೋಗುತ್ತಿದ್ದ ಆಸ್ಥಾನದ ತುತ್ತೂರಿ ವಾದಕನೇ ಮುಂದೆ ಇದನ್ನು ನೆನಪಿಸಿಕೊಂಡು ಬರೆದಿದ್ದಾನೆ. ಹಿತ್ತಾಳೆಯ ದನಿಗೆ ಹೆದರಿದ ಆ ಮಗುವೇ ದೊಡ್ಡವನಾಗಿ, ಹಿತ್ತಾಳೆಯ ವಾದ್ಯವೊಂದಕ್ಕೆ ಅತ್ಯಂತ ಮೃದುವಾದ ಮಾತು ಕಲಿಸಿದ. ಅದರಲ್ಲಿ ಅವನ ಗೆಳೆಯನ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಆ ಗೆಳೆಯನ ಹೆಸರು ಜೋಸೆಫ್ ಲೊಯ್ಟ್‌ಗೆಬ್. ಮೊಜಾರ್ಟ್‌ಗಿಂತ ಸುಮಾರು ಇಪ್ಪತ್ತನಾಲ್ಕು ವರ್ಷ ದೊಡ್ಡವನು. ಮೊಜಾರ್ಟ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಸಾಲ್ಜ್‌ಬರ್ಗ್ ಆಸ್ಥಾನಕ್ಕೆ ಹಾರ್ನ್ ವಾದಕನಾಗಿ ಬಂದವನು. 1770ರಲ್ಲಿ ಪ್ಯಾರಿಸ್ಸಿಗೆ ಹೋಗಿ ಒಬ್ಬನೇ ನುಡಿಸಿ ಹೆಸರು ಮಾಡಿದವನು. ಜನರನ್ನು ಬೆರಗಾಗಿಸಿದ್ದು ಅವನ ಊದುವ ಬಲವಲ್ಲ, ಮನುಷ್ಯ ಹಾಡಿದ ಹಾಗೆ ಕೇಳಿಸುತ್ತಿದ್ದ ಅವನ ನಿಧಾನ ಗತಿಯ ವಾದನ.

ಆ ಕಾಲದ ಹಾರ್ನ್‌ನಲ್ಲಿ ಹಾಗೆ ಹಾಡಿಸುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಎನ್‌ಸಿಸಿ ಪರೇಡಿನ ಬ್ಯೂಗಲ್ ನೆನಪಿಸಿಕೊಳ್ಳಿ. ಅದಕ್ಕೆ ಗುಂಡಿಯಿಲ್ಲ, ಕೀಲಿಯಿಲ್ಲ. ತುಟಿ ಬಿಗಿ ಮಾಡಿದಂತೆ, ಸಡಿಲಿಸಿದಂತೆ ಬೆರಳೆಣಿಕೆಯ ಸ್ವರಗಳು ಮಾತ್ರ ಹೊರಡುತ್ತವೆ. ಅಂದಿನ ಹಾರ್ನ್ ಕೂಡ ಅದೇ ಜಾತಿ. ಸುಮಾರು ಹದಿನಾಲ್ಕು ಅಡಿ ಉದ್ದದ ಕೊಳವೆಯನ್ನು ಸುತ್ತಿಟ್ಟಂತೆ. ಉದ್ದ ಹೆಚ್ಚಿದ್ದರಿಂದ ಬ್ಯೂಗಲ್‌ಗಿಂತ ಹೆಚ್ಚು ಸ್ವರ ಸಿಗುತ್ತಿತ್ತು. ಆದರೂ ನಡುನಡುವೆ ಮೆಟ್ಟಿಲು ಕಿತ್ತುಹೋದ ಏಣಿಯ ಹಾಗೆ. ಆ ಖಾಲಿ ಜಾಗ ತುಂಬಲು ವಾದಕರು ಒಂದು ಉಪಾಯ ಕಂಡುಕೊಂಡಿದ್ದರು. ವಾದ್ಯದ ಅಗಲ ಬಾಯಿಯೊಳಗೆ ಬಲಗೈ ತೂರಿಸಿ, ಅಂಗೈಯನ್ನು ಸ್ವಲ್ಪ ಮುಚ್ಚಿ, ಸ್ವಲ್ಪ ತೆರೆದು ಇಲ್ಲದ ಸ್ವರಗಳನ್ನು ಹುಟ್ಟಿಸುವುದು. ಹಾಗೆ ಹುಟ್ಟಿದ ಸ್ವರ ಕೊಂಚ ಮಂಕು, ಕೊಂಚ ಮುಸುಕು. ಬಯಲಿನ ಸ್ವರಕ್ಕೂ ಮುಸುಕಿನ ಸ್ವರಕ್ಕೂ ಭೇದ ಕಾಣದ ಹಾಗೆ ನುಡಿಸುವುದೇ ಕಲೆ. ಹಾರ್ನ್‌ಗೆ ಕವಾಟಗಳು ಬಂದು ಎಲ್ಲ ಸ್ವರವೂ ಸಲೀಸಾದದ್ದು ಮೊಜಾರ್ಟ್ ತೀರಿಕೊಂಡು ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಈಗ ಮೊಜಾರ್ಟ್‌ನ ನೌಕರಿಯ ಕಥೆಗೆ ಬರುತ್ತೇನೆ. 1777ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಅವನು ಆರ್ಚ್‌ಬಿಷಪ್ ಕೊಲೊರೆಡೊ ಆಸ್ಥಾನದ ಕೆಲಸ ಬಿಟ್ಟು ಅಮ್ಮನ ಜೊತೆ ಹೊರಟ. ಮ್ಯೂನಿಕ್‌ನಲ್ಲಿ ಬವೇರಿಯಾದ ಅರಸನನ್ನು ಖುದ್ದಾಗಿ ಕಂಡು ಕೆಲಸ ಕೇಳಿದ. ಹುದ್ದೆ ಖಾಲಿ ಇಲ್ಲ ಎಂಬ ಉತ್ತರ ಸಿಕ್ಕಿತು. ಮಾನ್‌ಹೈಮ್‌ನಲ್ಲಿ ತಿಂಗಳುಗಟ್ಟಲೆ ಕಾದ. ಅಲ್ಲೂ ಇಲ್ಲ. ಪ್ಯಾರಿಸ್ಸಿಗೆ ಹೋದ. ಬಾಲಕನಾಗಿದ್ದಾಗ ಮುದ್ದಾಡಿದ್ದ ಊರು ಯುವಕನನ್ನು ಬಾಗಿಲಲ್ಲೇ ಕಾಯಿಸಿತು. 1778ರ ಜುಲೈ 3ರಂದು ಅದೇ ಊರಿನಲ್ಲಿ ಅಮ್ಮ ಕಾಯಿಲೆ ಬಿದ್ದು ತೀರಿಕೊಂಡಳು. ಪರದೇಶದಲ್ಲಿ ಅವಳನ್ನು ಮಣ್ಣು ಮಾಡಿ, ಕೈಯಲ್ಲಿ ಕೆಲಸವಿಲ್ಲದೆ, ತಲೆಯ ಮೇಲೆ ಸಾಲ ಹೊತ್ತು ಮಗ ಹಿಂದಿರುಗಿದ. 1779ರಲ್ಲಿ ಬಿಟ್ಟುಹೋಗಿದ್ದ ಆಸ್ಥಾನದಲ್ಲೇ ವರ್ಷಕ್ಕೆ 450 ಗುಲ್ಡನ್ ಸಂಬಳಕ್ಕೆ ಆರ್ಗನ್ ವಾದಕನಾದ. ಬೆಂಗಳೂರಿಗೆ ಹೋಗಿ ಕೆಲಸ ಸಿಗದೆ ಊರಿಗೆ ಮರಳಿದವರಿಗೆ ಆ ದಿನಗಳು ಹೇಗಿದ್ದಿರಬಹುದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

1781ರಲ್ಲಿ ಆರ್ಚ್‌ಬಿಷಪ್ ತನ್ನ ಪರಿವಾರದ ಜೊತೆ ಅವನನ್ನು ವಿಯೆನ್ನಾಕ್ಕೆ ಕರೆಸಿಕೊಂಡ. ಊಟಕ್ಕೆ ಕೂರಿಸಿದ್ದು ಆಳುಗಳ, ಅಡುಗೆಯವರ ಪಂಕ್ತಿಯಲ್ಲಿ. ಹೊರಗೆ ಕಛೇರಿ ಮಾಡಿ ನಾಲ್ಕು ಕಾಸು ಸಂಪಾದಿಸಲೂ ಅಡ್ಡಿ. ಮೊಜಾರ್ಟ್ ರಾಜೀನಾಮೆ ಹಿಡಿದು ಹೋದ. ಜೂನ್‌ನಲ್ಲಿ ಆರ್ಚ್‌ಬಿಷಪ್‌ನ ಅಧಿಕಾರಿಯೊಬ್ಬ ಅವನನ್ನು ಹಿಂದಿನಿಂದ ಒದ್ದು ಹೊರಗೆ ಕಳಿಸಿದ. ಈ ಅವಮಾನವನ್ನು ಮೊಜಾರ್ಟ್ ತಾನೇ ಅಪ್ಪನಿಗೆ ಪತ್ರದಲ್ಲಿ ತಿಳಿಸಿದ್ದಾನೆ. ಅಲ್ಲಿಂದ ಮುಂದೆ ಅವನು ವಿಯೆನ್ನಾದಲ್ಲಿ ಸ್ವತಂತ್ರ. ಪಾಠ ಹೇಳಿ, ಕಛೇರಿ ನಡೆಸಿ, ಬರೆದದ್ದನ್ನು ಮಾರಿ ಬದುಕಬೇಕು.

ಲೊಯ್ಟ್‌ಗೆಬ್ ಆಗಲೇ ವಿಯೆನ್ನಾದಲ್ಲಿದ್ದ. 1777ರಲ್ಲಿ ಅವನೂ ಸಾಲ್ಜ್‌ಬರ್ಗ್ ಬಿಟ್ಟು ಬಂದು, ನಗರದ ಹೊರವಲಯದಲ್ಲಿ ಪುಟ್ಟ ಮನೆ ಮಾಡಿಕೊಂಡಿದ್ದ. ಹೆಂಡತಿಯ ತವರಿನವರದು ಚೀಸ್ ವ್ಯಾಪಾರ. ಅವನಿಗೆ ಸಾಲ ಕೊಟ್ಟವರಲ್ಲಿ ಮೊಜಾರ್ಟ್‌ನ ಅಪ್ಪನೂ ಒಬ್ಬ. ಐದು ವರ್ಷವಾದರೂ ಆ ಸಾಲ ತೀರಿರಲಿಲ್ಲ. ಲಿಯೊಪೋಲ್ಡ್ ಲೆಕ್ಕದ ಮನುಷ್ಯ, ಕೇಳುವುದನ್ನು ಬಿಡುವವನಲ್ಲ. 1782ರ ಮೇ ತಿಂಗಳಲ್ಲಿ ಮೊಜಾರ್ಟ್ ಅಪ್ಪನಿಗೆ ಬರೆದ: ಪಾಪ, ಅವನು ಪಡುತ್ತಿರುವ ಪಾಡು ನೋಡಿದರೆ ನಿಮಗೂ ಮರುಕ ಹುಟ್ಟೀತು, ಇನ್ನು ಸ್ವಲ್ಪ ತಾಳಿ, ನಾನು ಮಾತಾಡುತ್ತೇನೆ, ಕಂತಿನಲ್ಲಾದರೂ ಕೊಡುತ್ತಾನೆ ಎಂಬ ಅರ್ಥದಲ್ಲಿ.

ಈ ಪತ್ರದ ಬಗ್ಗೆ ಓದಿದಾಗ ನಾನು ಅಲ್ಲೇ ನಿಂತೆ. ಏಕೆಂದರೆ ಆ ಹೊತ್ತಿನಲ್ಲಿ ಅಪ್ಪನಿಂದ ಸಹಾಯ ಬೇಕಾಗಿದ್ದದ್ದು ಸ್ವತಃ ಮೊಜಾರ್ಟ್‌ಗೆ. ಕಾನ್‌ಸ್ಟಾನ್ಜ್ ವೆಬರ್‌ಳನ್ನು ಮದುವೆಯಾಗಲು ಅವನು ಒಪ್ಪಿಗೆ ಕೇಳುತ್ತಿದ್ದ, ಅಪ್ಪ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. ಆಗಸ್ಟ್ 4ರಂದು ಮದುವೆ ನಡೆದೇ ಹೋಯಿತು. ಅಪ್ಪನ ಒಪ್ಪಿಗೆ ಪತ್ರ ತಲುಪಿದ್ದು ಅದಾದ ಮೇಲೆ. ಇಂಥ ಮುನಿಸಿನ ನಡುವೆಯೂ ಗೆಳೆಯನ ಸಾಲಕ್ಕೆ ಅವನು ಮಧ್ಯಸ್ಥಿಕೆ ವಹಿಸಿದ್ದ.

ಮರುವರ್ಷ, 1783ರ ಮೇ 27ರಂದು, ಲೊಯ್ಟ್‌ಗೆಬ್‌ಗಾಗಿ ಪೂರ್ತಿ ಕನ್ಚೆರ್ಟೊ ಒಂದನ್ನು ಮುಗಿಸಿದ. ಇಂದು ಎರಡನೆಯದು ಎಂದು ಕರೆಯುವುದು ಇದನ್ನೇ. ಹಸ್ತಪ್ರತಿಯ ಮೇಲೆ ಅರ್ಪಣೆ ಹೇಗಿತ್ತು ಗೊತ್ತೇ? ಕತ್ತೆ, ಎತ್ತು, ಪೆದ್ದ ಆದ ಲೊಯ್ಟ್‌ಗೆಬ್‌ನ ಮೇಲೆ ತಾನು ಕನಿಕರ ತೋರಿದ್ದಾಗಿ ಮೊಜಾರ್ಟ್ ಬರೆದಿದ್ದಾನೆ. ಇದನ್ನು ಓದಿ ಕೆಲವರು ಲೊಯ್ಟ್‌ಗೆಬ್ ನಿಜಕ್ಕೂ ದಡ್ಡನೇ ಇದ್ದಿರಬೇಕು ಎಂದುಕೊಂಡರು. ಹಾಸ್ಟೆಲಿನಲ್ಲಿ ಒಂದು ವರ್ಷ ಕಳೆದವರು ಯಾರೂ ಹಾಗೆಂದುಕೊಳ್ಳುವುದಿಲ್ಲ. ನಾವು ಕತ್ತೆ ಎಂದು ಕರೆಯುವುದು ತೀರಾ ಹತ್ತಿರದವರನ್ನು ಮಾತ್ರ. ಬೈಗುಳವನ್ನು ಬಿಟ್ಟು ಸಂಗೀತವನ್ನು ನೋಡಿದರೆ ವಿಷಯ ಸ್ಪಷ್ಟ. ದಡ್ಡನ ಕೈಗೆ ಯಾರೂ ಇಂಥ ಕಷ್ಟದ ಕೃತಿ ಕೊಡುವುದಿಲ್ಲ.

1784ರಿಂದ 1786ರವರೆಗೆ ಮೊಜಾರ್ಟ್‌ಗೆ ವಿಯೆನ್ನಾದಲ್ಲಿ ಒಳ್ಳೆಯ ಕಾಲ. ಚಂದಾ ಕಛೇರಿಗಳು ತುಂಬುತ್ತಿದ್ದವು. 1786ರ ಮೇ 1ರಂದು ಅವನ ‘ಫಿಗಾರೊ’ ಒಪೆರಾ ರಂಗಕ್ಕೆ ಬಂತು. ಮುಂದಿನ ತಿಂಗಳು, ಜೂನ್ 26ರ ದಿನಾಂಕದಲ್ಲಿ, ಅವನು ತನ್ನ ಕೃತಿಗಳ ಪಟ್ಟಿಯಲ್ಲಿ ಲೊಯ್ಟ್‌ಗೆಬ್‌ಗಾಗಿ ಬರೆದ ಮತ್ತೊಂದು ಹಾರ್ನ್ ಕನ್ಚೆರ್ಟೊ ನಮೂದಿಸಿದ. ಅದು ಈಗಿನ ನಾಲ್ಕನೆಯದು. ಇದರ ಹಸ್ತಪ್ರತಿಯಲ್ಲಿ ಕಪ್ಪು, ಕೆಂಪು, ನೀಲಿ, ಹಸಿರು ಶಾಯಿಗಳು ಬೆರೆತಿವೆ. ಗೆಳೆಯನನ್ನು ತಬ್ಬಿಬ್ಬು ಮಾಡಲು ಆಡಿದ ತಮಾಷೆ ಎಂದು ಬಹುಕಾಲ ನಂಬಿದ್ದರು. ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಎಂಬ ಸೂಚನೆಯೂ ಆ ಬಣ್ಣಗಳಲ್ಲಿ ಇರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಎರಡೂ ನಿಜವಿರಬಹುದು. ಗೆಳೆಯರು ಕಲಿಸುವುದೂ ಕಾಡುವುದೂ ಒಟ್ಟೊಟ್ಟಿಗೇ ಅಲ್ಲವೇ?

ಅಂದು ರಾತ್ರಿ ನಾವು ಕೇಳಿದ್ದು ಮೂರನೆಯದು. ಅದು 1787ರ ಸುಮಾರಿಗೆ ಬರೆದದ್ದೆಂದು ಈಗ ಒಪ್ಪುತ್ತಾರೆ. ಅದರ ನಡುವಿನ ನಿಧಾನ ಭಾಗದಲ್ಲಿ ಅಂಗೈ ಮುಚ್ಚಿ ತೆರೆದು ಹುಟ್ಟಿಸಬೇಕಾದ ಮುಸುಕಿನ ಸ್ವರಗಳಿಗೆ ದೊಡ್ಡ ಪಾತ್ರವಿದೆ. ಆ ಮಂಕನ್ನು ಮೊಜಾರ್ಟ್ ವಾದ್ಯದ ದೋಷವೆಂದು ತಪ್ಪಿಸಿಕೊಂಡು ಹೋಗಲಿಲ್ಲ. ರಾಗಕ್ಕೆ ಬೇಕಾದ ಕಡೆ ಅದನ್ನೇ ಇಟ್ಟ. ವಾದ್ಯದಲ್ಲಿ ಏನಿಲ್ಲ ಎಂಬುದನ್ನು ಅಷ್ಟು ಚೆನ್ನಾಗಿ ಬಲ್ಲವನು ಮಾತ್ರ ಹಾಗೆ ಬರೆಯಬಲ್ಲ.

ಅದೇ 1787ರ ಮೇ 28ರಂದು ಅಪ್ಪ ತೀರಿಕೊಂಡ. ಡಿಸೆಂಬರ್‌ನಲ್ಲಿ ಕೊನೆಗೂ ಸಾಮ್ರಾಟನ ಆಸ್ಥಾನದಲ್ಲಿ ಒಂದು ಹುದ್ದೆ ಸಿಕ್ಕಿತು. ಸಂಬಳ ವರ್ಷಕ್ಕೆ 800 ಗುಲ್ಡನ್. ಅವನಿಗಿಂತ ಮೊದಲು ಆಸ್ಥಾನದಲ್ಲಿದ್ದ ಗ್ಲುಕ್‌ಗೆ ಸಿಗುತ್ತಿದ್ದದ್ದು 2,000. ಕೆಲಸ ಮುಖ್ಯವಾಗಿ ಅರಮನೆಯ ನೃತ್ಯಕೂಟಗಳಿಗೆ ಕುಣಿತದ ಸಂಗೀತ ಬರೆಯುವುದು. ಅಷ್ಟರಲ್ಲಿ ಯುದ್ಧ ಬಂತು, ಕಛೇರಿಗಳು ಕಡಿಮೆಯಾದವು. ಹೆಂಡತಿಗೆ ಮೇಲಿಂದ ಮೇಲೆ ಕಾಯಿಲೆ. ಹುಟ್ಟಿದ ಆರು ಮಕ್ಕಳಲ್ಲಿ ಉಳಿದವರು ಇಬ್ಬರು. 1788ರಿಂದ ಅವನು ಪುಖ್‌ಬರ್ಗ್ ಎಂಬ ವ್ಯಾಪಾರಿ ಗೆಳೆಯನಿಗೆ ಸಾಲ ಕೇಳಿ ಬರೆದ ಪತ್ರಗಳ ಸರಣಿಯೇ ಇದೆ. ಹಿಂದೆ ಗೆಳೆಯನ ಸಾಲಕ್ಕೆ ಗಡುವು ಕೇಳಿದವನು ಈಗ ತನ್ನದೇ ಸಾಲಕ್ಕೆ ಗಡುವು ಕೇಳುತ್ತಿದ್ದ.

1791 ಅವನ ಕೊನೆಯ ವರ್ಷ. ಹೆಂಡತಿ ಚಿಕಿತ್ಸೆಗಾಗಿ ಬಾಡೆನ್ ಎಂಬ ಊರಿನಲ್ಲಿದ್ದಳು. ಒಂಟಿಯಾಗಿ ಮಲಗಲಾರದೆ ಅವನು ಲೊಯ್ಟ್‌ಗೆಬ್‌ನ ಮನೆಗೆ ಹೋಗಿ ರಾತ್ರಿ ತಂಗಿದ್ದುಂಟು. ಸೆಪ್ಟೆಂಬರ್ 30ರಂದು ‘ಮ್ಯಾಜಿಕ್ ಫ್ಲೂಟ್’ ಒಪೆರಾ ಶುರುವಾಗಿ ಜನ ಮುಗಿಬಿದ್ದರು. ಲೊಯ್ಟ್‌ಗೆಬ್‌ಗೆ ಅದನ್ನು ಇನ್ನೊಮ್ಮೆ ನೋಡುವ ಆಸೆ. ಮೊಜಾರ್ಟ್ ಮತ್ತೆ ಕರೆದುಕೊಂಡು ಹೋದ. ಹೆಂಡತಿಗೆ ಬರೆದ ಪತ್ರಗಳಲ್ಲಿ ಇಂಥ ಸಣ್ಣ ಸಣ್ಣ ಸಂಗತಿಗಳು ಸಿಗುತ್ತವೆ.

ಆ ವರ್ಷವೇ ಅವನು ಇನ್ನೊಂದು ಹಾರ್ನ್ ಕನ್ಚೆರ್ಟೊ ಹಿಡಿದ. ಲೊಯ್ಟ್‌ಗೆಬ್‌ಗೆ ಆಗ ಅರವತ್ತರ ಹತ್ತಿರ. ಗಾಳಿ ವಾದ್ಯ ಊದುವವರಿಗೆ ವಯಸ್ಸು ಮೊದಲು ತಟ್ಟುವುದು ಉಸಿರಿಗೆ, ತುಟಿಗೆ, ಹಲ್ಲಿಗೆ. ಮೊಜಾರ್ಟ್ ಏನು ಮಾಡಿದ ನೋಡಿ. ಉಳಿದ ಮೂರು ಕನ್ಚೆರ್ಟೊಗಳಿಗಿಂತ ಅರ್ಧ ಸ್ವರ ತಗ್ಗಿನ ಶ್ರುತಿಯಲ್ಲಿ ಇದನ್ನು ಕೂರಿಸಿದ. ಮೇಲಿನ ತೀರಾ ಎತ್ತರದ ಸ್ವರಗಳನ್ನೂ ಕೆಳಗಿನ ತೀರಾ ಆಳದ ಸ್ವರಗಳನ್ನೂ ಕೈಬಿಟ್ಟ. ಕೈಚಳಕದ ಸ್ವರಗಳನ್ನು ಕಡಿಮೆ ಮಾಡಿದ. ಗೆಳೆಯನ ಉಸಿರು ಎಷ್ಟು ದೂರ ಎಳೆಯಬಲ್ಲದೋ ಅಷ್ಟೇ ದೂರ ರಾಗವನ್ನು ಎಳೆದ. ಆದರೆ ಕೇಳಿದರೆ ಯಾರಿಗೋ ಸುಲಭ ಮಾಡಿಕೊಟ್ಟ ಕೃತಿ ಎಂದು ಅನ್ನಿಸುವುದೇ ಇಲ್ಲ.

ದಯೆ ತೋರಿದ್ದು ಗೊತ್ತಾಗಬಾರದೆಂದೋ ಏನೋ, ಕರಡಿನ ತುಂಬ ಮತ್ತೆ ಗೇಲಿ. ಹಾರ್ನ್‌ನ ಸಾಲಿನ ಮೇಲೆ ಇಟಾಲಿಯನ್ ಭಾಷೆಯಲ್ಲಿ ಟಿಪ್ಪಣಿಗಳು: ಕತ್ತೆ ಎಂದು ಕರೆಯುವುದು, ಅಪಸ್ವರ ಎಂದು ಹೀಯಾಳಿಸುವುದು, ಸ್ವಲ್ಪ ಉಸಿರು ತೆಗೆದುಕೋ ಎನ್ನುವುದು, ಕೊನೆಗೆ ಸದ್ಯ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಡುವುದು. ಉಸಿರು ತೆಗೆದುಕೋ ಎಂಬುದು ತಮಾಷೆಯೂ ಹೌದು, ಕಾಳಜಿಯೂ ಹೌದು.

ಈ ಕನ್ಚೆರ್ಟೊ ಪೂರ್ತಿಯಾಗಲಿಲ್ಲ. ಮೊದಲ ಭಾಗ ಬರೆದ. ಕೊನೆಯ ಭಾಗ ಕರಡಿನಲ್ಲೇ ಉಳಿಯಿತು. ನಿಧಾನದ ಭಾಗವೇ ಇಲ್ಲ. ಅನಾಮಧೇಯ ಶ್ರೀಮಂತನೊಬ್ಬ ಹಣ ಕೊಟ್ಟು ಬರೆಯಿಸುತ್ತಿದ್ದ ‘ರಿಕ್ವಿಯಂ’ ಎಂಬ ಮರಣ ಪ್ರಾರ್ಥನೆಯ ಕೃತಿಯೂ ಅರ್ಧಕ್ಕೇ ನಿಂತಿತು. 1791ರ ಡಿಸೆಂಬರ್ 5ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಮೊಜಾರ್ಟ್ ತೀರಿಕೊಂಡ. ವಯಸ್ಸು ಮೂವತ್ತೈದು. ಆ ಕಾಲದ ಸಾಮಾನ್ಯರ ಪದ್ಧತಿಯಂತೆ ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ಗುರುತಿನ ಕಲ್ಲಿಲ್ಲದ ಗುಂಡಿಯಲ್ಲಿ ಹೂಳಿದರು. ‘ರಿಕ್ವಿಯಂ’ ಅನ್ನು ಪೂರ್ತಿ ಮಾಡಿಕೊಟ್ಟದ್ದು ಅವನ ಒಡನಾಡಿ ಜ್ಯೂಸ್‌ಮಾಯರ್. ಹಾರ್ನ್ ಕನ್ಚೆರ್ಟೊದ ಕೊನೆಯ ಭಾಗಕ್ಕೆ ರೂಪ ಕೊಟ್ಟವನೂ ಅವನೇ. ಆ ಪ್ರತಿಯ ಮೇಲಿನ ದಿನಾಂಕ 1792ರ ಏಪ್ರಿಲ್ 6, ಶುಭ ಶುಕ್ರವಾರ. ಒಂದು ದೊರೆಗಳ ಹಣದ ಕೆಲಸ, ಇನ್ನೊಂದು ಗೆಳೆಯನ ಕೆಲಸ. ಸಾಯುವಾಗ ಮೊಜಾರ್ಟ್‌ನ ಮೇಜಿನ ಮೇಲೆ ಎರಡೂ ಬಾಕಿಯಿದ್ದವು. ಲೊಯ್ಟ್‌ಗೆಬ್ ಗೆಳೆಯನ ನಂತರ ಹತ್ತೊಂಬತ್ತು ವರ್ಷ ಬದುಕಿ 1811ರಲ್ಲಿ ತೀರಿಕೊಂಡ.

ಒಂದು ಸ್ವಾರಸ್ಯ ಹೇಳಲೇಬೇಕು. ಈ ಅಪೂರ್ಣ ಕೃತಿಗೆ ಪಟ್ಟಿಯಲ್ಲಿ ಸಿಕ್ಕ ಸಂಖ್ಯೆ ಒಂದು! ಹತ್ತೊಂಬತ್ತನೇ ಶತಮಾನದಲ್ಲಿ ಮೊಜಾರ್ಟ್‌ನ ಕೃತಿಗಳನ್ನು ಪಟ್ಟಿ ಮಾಡಿದ ಕೋಶೆಲ್ ಇದನ್ನು 1782ರದ್ದೆಂದು ಬಗೆದ. ನೂರಕ್ಕೂ ಹೆಚ್ಚು ವರ್ಷದ ಮೇಲೆ ಅಲನ್ ಟೈಸನ್ ಎಂಬ ವಿದ್ವಾಂಸ ಮೊಜಾರ್ಟ್ ಬಳಸಿದ ಹಾಳೆಗಳ ನೀರಗುರುತುಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಾಗ, ಇದು 1791ರದ್ದು ಎಂಬುದು ಹೊರಬಿತ್ತು. ಮೊದಲನೆಯದೆಂದು ಮೆರೆದದ್ದು ನಿಜವಾಗಿ ಕೊನೆಯದು. ಇಂದಿಗೂ ಸಂಖ್ಯೆ ಬದಲಾಗಿಲ್ಲ. ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಹುಡುಕಿ ಹುಡುಕಿ ಸುಸ್ತಾದ ನಮಗೆ, ಸಂಖ್ಯೆ ಎಲ್ಲವನ್ನೂ ಹೇಳುವುದಿಲ್ಲ ಎಂಬ ಇಷ್ಟು ಸಮಾಧಾನ ಸಾಕು.

ನನ್ನ ವಿಷಯ ಸ್ವಲ್ಪ ಹೇಳಿ ಮುಗಿಸುತ್ತೇನೆ. ಬಸ್ಸು ಬಂತೇನೋ ಎಂದು ಕಿಚಾಯಿಸಿದ್ದ ರೂಮ್‌ಮೇಟ್ ಆರು ತಿಂಗಳ ನಂತರ ರೂಮು ಬಿಟ್ಟು ಊರಿಗೆ ಹೋದ. ಅಪ್ಪನಿಗೆ ಹುಷಾರಿಲ್ಲ, ಇನ್ನು ಓದಿಸುವ ಶಕ್ತಿ ಮನೆಯವರಿಗಿಲ್ಲ ಎಂದಿದ್ದ. ಹೋಗುವಾಗ ನನ್ನಿಂದ ಆರು ಸಾವಿರ ಸಾಲ ಪಡೆದಿದ್ದ. ಹೇಳಿದ ತಿಂಗಳಿಗೆ ಕೊಡಲಿಲ್ಲ. ಎರಡು ಸಲ ಕೇಳಿದೆ. ಮೂರನೇ ಸಲ ಕೆಟ್ಟದಾಗಿ ಮಾತಾಡಿದೆ. ಆಮೇಲೆ ಅವನು ಫೋನ್ ಎತ್ತಲಿಲ್ಲ, ನಾನೂ ಮಾಡಲಿಲ್ಲ. ನನಗೂ ಕೆಲಸವಿರಲಿಲ್ಲ, ಆ ಹಣ ನನಗೂ ದೊಡ್ಡದೇ. ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡಿದ್ದು ಮೊಜಾರ್ಟ್‌ನ ಪ್ರತಿಭೆಯಲ್ಲ. ಅದು ನಮ್ಮ ಕೈಗೆ ಸಿಗುವಂಥದ್ದಲ್ಲ. ತನಗೇ ದಿಕ್ಕಿಲ್ಲದ ಹೊತ್ತಿನಲ್ಲಿ ಗೆಳೆಯನ ಪಾಡು ಅವನ ಕಣ್ಣಿಗೆ ಬಿದ್ದಿತ್ತಲ್ಲ, ಅದು ಕಾಡಿತು. ಲೊಯ್ಟ್‌ಗೆಬ್ ಏನು ನುಡಿಸಲಾರ ಎಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ. ಆದರೆ ಬರೆದದ್ದು ಅವನು ನುಡಿಸಬಲ್ಲದ್ದನ್ನು. ನಾನು ನನ್ನ ಗೆಳೆಯನನ್ನು ಕೇಳಿದ್ದು ಬರೀ ಅವನಲ್ಲಿ ಇಲ್ಲದ್ದನ್ನೇ.

ಹೋದ ಭಾನುವಾರ ಅವನ ನಂಬರಿಗೆ ಆ ಮೂರನೇ ಕನ್ಚೆರ್ಟೊ ಕಳಿಸಿದೆ. ಹಣದ ಮಾತು ಎತ್ತಲಿಲ್ಲ. ಅಪ್ಪ ಹೇಗಿದ್ದಾರೆ ಎಂದು ಮಾತ್ರ ಕೇಳಿದೆ. ಇಡೀ ದಿನ ಉತ್ತರವಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಸಾಲು ಬಂತು. ಅಪ್ಪ ಈಗ ಎದ್ದು ಓಡಾಡುತ್ತಿದ್ದಾರಂತೆ. ಅದರ ಕೆಳಗೆ ಇನ್ನೊಂದು ಸಾಲು: ಬಸ್ಸು ಬಂತಂತೆ.